ಶೆಲ್ ಮೆಥಡ್‌ನಲ್ಲಿ ಆ 2ಪೈ ಎಕ್ಸ್ ಎಲ್ಲಿಂದ ಬಂತು ಮೇಡಂ?

ಪ್ರಶ್ನೆ – ಬಿಎಸ್ಸಿ ವಿದ್ಯಾರ್ಥಿ, ವಿಜಯನಗರ

ಮೇಡಂ ನಮಸ್ಕಾರ. ನಾಡಿದ್ದು ಇಂಟರ್ನಲ್ಸ್ ಇದೆ. ವೈ = ಎಕ್ಸ್ − ಎಕ್ಸ್³ ಅನ್ನೋ ಕರ್ವ್, ಎಕ್ಸ್ 0ರಿಂದ 1ರವರೆಗೆ. ಅದಕ್ಕೂ ಎಕ್ಸ್ ಆಕ್ಸಿಸ್‌ಗೂ ನಡುವಿನ ಜಾಗವನ್ನು ವೈ ಆಕ್ಸಿಸ್ ಸುತ್ತ ತಿರುಗಿಸಿದರೆ ವಾಲ್ಯೂಮ್ ಎಷ್ಟು ಅಂತ ಪ್ರಶ್ನೆ. ನಾನು ಪೈ ಇಂಟು ವೈ ಸ್ಕ್ವೇರ್ ಹಾಕಿದೆ, 8ಪೈ/105 ಬಂತು. ಕೀ ಆನ್ಸರ್‌ನಲ್ಲಿ 4ಪೈ/15 ಇದೆ. ಫ್ರೆಂಡ್ ಸುಮ್ನೆ ಶೆಲ್ ಮೆಥಡ್ ಹಾಕು ಅಂತಾನೆ. ಅದರ ಸೂತ್ರದಲ್ಲಿರೋ 2ಪೈ ಎಕ್ಸ್ ಎಲ್ಲಿಂದ ಬಂತು ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ.

ಉತ್ತರ – ಗಣಿತ ಉಪನ್ಯಾಸಕಿ, ಮಲ್ಲೇಶ್ವರ

ನಿನ್ನ ಲೆಕ್ಕ ತಪ್ಪಿಲ್ಲ ಕಣಪ್ಪ, ಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಬರೆದಿದ್ದೀಯ. ಅದೇ ಜಾಗವನ್ನು ಎಕ್ಸ್ ಆಕ್ಸಿಸ್ ಸುತ್ತ ತಿರುಗಿಸಿದರೆ 8ಪೈ/105 ಬರುತ್ತದೆ. ವೈ ಆಕ್ಸಿಸ್ ಸುತ್ತ ಡಿಸ್ಕ್ ದಾರಿ, ಅಂದರೆ ಅಡ್ಡಕ್ಕೆ ಬಿಲ್ಲೆಗಳಾಗಿ ಕೊಯ್ಯುವ ದಾರಿ ಹಿಡಿದರೆ ಎಕ್ಸ್ ಅನ್ನು ವೈ ಲೆಕ್ಕದಲ್ಲಿ ಬರೆಯಬೇಕು, ಅಂದರೆ ಒಂದು ಕ್ಯೂಬಿಕ್ ಸಮೀಕರಣ ಬಿಡಿಸಬೇಕು. ಪರೀಕ್ಷೆಯಲ್ಲಿ ಯಾರಿಗೆ ಬೇಕು ಆ ತಲೆನೋವು!

ಮೊದಲು ಆಕಾರ ನೋಡು. ಒಂದು ಕಡೆ ಚಪ್ಪಟೆಯಾದ ಉದ್ದಿನವಡೆ ಥರ ಇದೆ, ಮಧ್ಯದ ಗುಂಡಿ ಚೂಪಾಗಿ ತಳದವರೆಗೆ ಇಳಿಯುತ್ತದೆ. ಇದನ್ನು ಅಡ್ಡಕ್ಕೆ ಕೊಯ್ಯಬೇಡ. ಅಡುಗೆಮನೆಯ ಅಟ್ಟದ ಮೇಲೆ ಸ್ಟೀಲ್ ಡಬ್ಬಗಳನ್ನು ಒಂದರೊಳಗೊಂದು ಕೂರಿಸಿಡುತ್ತಾರಲ್ಲ, ಹಾಗೆ ತೆಳು ತೆಳು ಉರುಳೆಗಳಾಗಿ ಬಿಡಿಸು. ಇದೇ ಶೆಲ್ ಮೆಥಡ್. ನಡುವಿನವು ಕುಳ್ಳು, ಎಕ್ಸ್ 0.58ರ ಹತ್ತಿರ ಎಲ್ಲಕ್ಕಿಂತ ಎತ್ತರ, ಅಂಚಿಗೆ ಹೋದಂತೆ ಮತ್ತೆ ಕುಳ್ಳು.

ಈಗ ಒಂದು ಹಳೇ ತಗಡಿನ ಡಬ್ಬಿ ತಗೋ. ಮುಚ್ಚಳ, ತಳ ತೆಗೆದು ಪಕ್ಕದಲ್ಲಿ ಮೇಲಿಂದ ಕೆಳಗೆ ಕತ್ತರಿಸಿ ನೆಲದ ಮೇಲೆ ಹರಡು. ಆಯತಾಕಾರದ ತಗಡು ಸಿಗುತ್ತದೆ ಅಲ್ವಾ? ಅದರ ಉದ್ದ ಡಬ್ಬಿಯ ಸುತ್ತಳತೆ, ತ್ರಿಜ್ಯ ಎಕ್ಸ್ ಆದ್ದರಿಂದ ಅದೇ ನಿನ್ನ 2ಪೈ ಎಕ್ಸ್. ಎತ್ತರ ಎಕ್ಸ್ − ಎಕ್ಸ್³. ದಪ್ಪ ಡಿಎಕ್ಸ್. ಮೂರನ್ನೂ ಗುಣಿಸಿದರೆ 2ಪೈ(ಎಕ್ಸ್² − ಎಕ್ಸ್⁴) ಡಿಎಕ್ಸ್. 0ಯಿಂದ 1ಕ್ಕೆ ಇಂಟಿಗ್ರೇಟ್ ಮಾಡಿದರೆ 2ಪೈ(1/3 − 1/5), ಅಂದರೆ 4ಪೈ/15.

ಪ್ರಶ್ನೆ – ಅದೇ ವಿದ್ಯಾರ್ಥಿ

ಮೇಡಂ ಸೂಪರ್. ಆದರೆ ದಪ್ಪ ಇದೆ ಅಂದಮೇಲೆ ಹೊರಗಿನ ಸುತ್ತಳತೆ ಜಾಸ್ತಿ, ಒಳಗಿನದು ಕಮ್ಮಿ. ಹಾಗಾದರೆ ಇದು ಅಂದಾಜು ಲೆಕ್ಕ ತಾನೇ?

ಉತ್ತರ – ಪೈಪ್ ವ್ಯಾಪಾರಿ, ಪೀಣ್ಯ

ಮೇಡಂ, ಇದಕ್ಕೆ ನಾನು ಹೇಳಲಾ? ಕ್ಯಾಲ್ಕುಲಸ್ ಎಲ್ಲ ಮರೆತು ಯಾವ ಕಾಲ ಆಯಿತೋ. ಆದರೆ ಅಂಗಡಿಯಲ್ಲಿ ದಿನಾ ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್ ತೂಕ ಹಾಕುವುದು ಹೀಗೆ: ಹೊರ ಡಯಾ, ಅಂದರೆ ವ್ಯಾಸದಲ್ಲಿ ದಪ್ಪ ಕಳೆ, ಬಂದದ್ದನ್ನು ದಪ್ಪದಿಂದ ಗುಣಿಸು, ಆಮೇಲೆ 0.02466ರಿಂದ ಗುಣಿಸು. ಒಂದು ಮೀಟರ್‌ಗೆ ಎಷ್ಟು ಕೆಜಿ ಅಂತ ಬರುತ್ತದೆ. 60 ಎಂಎಂ ಡಯಾ, 3 ಎಂಎಂ ದಪ್ಪ ಅಂದರೆ 57 × 3 × 0.02466, ಹತ್ತಿರ ಹತ್ತಿರ 4.22 ಕೆಜಿ. ಹೊರಗಿನದೂ ಅಲ್ಲ, ಒಳಗಿನದೂ ಅಲ್ಲ, ನಡು ಡಯಾ ತಗೋತೀವಿ ತಮ್ಮಾ.

ಉತ್ತರ – ಗಣಿತ ಉಪನ್ಯಾಸಕಿ, ಮಲ್ಲೇಶ್ವರ

ಅಣ್ಣಾ, ನಮ್ಮ ಅರ್ಧ ಪಾಠ ನೀವೇ ಮಾಡಿಬಿಟ್ಟಿರಿ! ಆ 0.02466 ಅಂದರೆ ಪೈ ಇಂಟು ಉಕ್ಕಿನ ಸಾಂದ್ರತೆ 7.85, ಅದನ್ನು ಎಂಎಂ–ಮೀಟರ್ ಲೆಕ್ಕಕ್ಕೆ 1000ದಿಂದ ಭಾಗಿಸಿದ್ದು.

ಇನ್ನು ನಿನ್ನ ಅನುಮಾನ. ಆ ಪೈಪಿನ ಹೊರ ತ್ರಿಜ್ಯ 30, ಒಳಗಿನದು 27. ವೃತ್ತದಿಂದ ವೃತ್ತ ಕಳೆದರೆ ಪೈ(900 − 729) = 171ಪೈ. ನಡು ತ್ರಿಜ್ಯ 28.5 ಹಾಕಿದರೆ 2ಪೈ × 28.5 × 3, ಅದೂ 171ಪೈ. ಅಂದಾಜಲ್ಲ, ಸರಿಯಾಗಿ ಅಷ್ಟೇ. ಎ² − ಬಿ² = (ಎ + ಬಿ)(ಎ − ಬಿ) ಅಂತ ಹೈಸ್ಕೂಲಿನಲ್ಲಿ ಉರು ಹೊಡೆದಿದ್ದೆಯಲ್ಲ, ಅದೇ ಇಲ್ಲಿ ಕೆಲಸ ಮಾಡುವುದು. ನಿನ್ನ ಲೆಕ್ಕದಲ್ಲಿ ಮಾತ್ರ ಒಂದೊಂದು ಉರುಳೆಯ ತಲೆಯೂ ಸ್ವಲ್ಪ ಓರೆ ಇರುತ್ತದೆ. ದಪ್ಪ ಸೊನ್ನೆಯತ್ತ ಹೋದಾಗ ಆ ವ್ಯತ್ಯಾಸವೂ ಹೋಗುತ್ತದೆ.

ಒಂದು ಎಚ್ಚರಿಕೆ. ಲಿಮಿಟ್ −1ರಿಂದ 1 ಅಂತ ಹಾಕಿಬಿಡಬೇಡ, ಉತ್ತರ ಡಬಲ್ ಆಗುತ್ತದೆ. ಬಲಗಡೆಯ ತುಂಡೊಂದೇ ಪೂರ್ತಿ ಸುತ್ತು ಹಾಕುತ್ತದೆ. ಮತ್ತೆ, ವೈ ಆಕ್ಸಿಸ್ ಬದಲು ಎಕ್ಸ್ = 2 ಗೆರೆಯ ಸುತ್ತ ತಿರುಗಿಸಿ ಅಂದರೆ ಏನು ಬದಲಾಗುತ್ತದೆ ಹೇಳು ನೋಡೋಣ.

ವಿದ್ಯಾರ್ಥಿ

ತ್ರಿಜ್ಯ ಮಾತ್ರ ಮೇಡಂ, ಎಕ್ಸ್ ಇದ್ದ ಕಡೆ 2 − ಎಕ್ಸ್. 11ಪೈ/15 ಬಂತು.

ಗಣಿತ ಉಪನ್ಯಾಸಕಿ

ಸರಿ ಇದೆ. ಹೋಗಿ ಇನ್ನೆರಡು ಲೆಕ್ಕ ಮಾಡು, ಚಿತ್ರ ಬರೆಯದೆ ಶುರು ಮಾಡಬೇಡ.