ಮೊದಲ ಸಲ ಇಂಡಿಯಾಕ್ಕೆ ಬರೋ ಜರ್ಮನ್ ಕಸ್ಟಮರ್, ನರಸಾಪುರದಲ್ಲಿ 4 ದಿನ: ಏನೇನು ತಪ್ಪಿಸಬೇಕು?

ಪ್ರಶ್ನೆ: ವೇಮಗಲ್_ಪ್ಲಾನಿಂಗ್

ಕೋಲಾರ ಜಿಲ್ಲೆ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಮೆಷಿನ್ಡ್ ಪಾರ್ಟ್ಸ್ ಘಟಕ. ಜರ್ಮನಿಯ ಗ್ರಾಹಕರ ಕಡೆಯಿಂದ ಇಬ್ಬರು ಪ್ರೋಸೆಸ್ ಆಡಿಟ್‌ಗೆ (ಪಾರ್ಟ್ ತಯಾರಾಗೋ ಕ್ರಮದ ತಪಾಸಣೆಗೆ) ಬರ್ತಿದ್ದಾರೆ. ಇಬ್ಬರಿಗೂ ಇದು ಮೊದಲ ಭಾರತ ಪ್ರವಾಸ. ಮಂಗಳವಾರ ಬಂದು ಶನಿವಾರ ಹೊರಡ್ತಾರೆ. ಸದ್ಯದ ದಿನಾಂಕ ದಸರಾ ವಾರಕ್ಕೆ ಬಿದ್ದಿದೆ. "ಯಾವುದನ್ನು ಮಾಡಬಾರದು ಅಂತ ಒಂದು ಪುಟದಲ್ಲಿ ಬರೆದು ಕಳಿಸಿ" ಅಂತ ಅವರೇ ಕೇಳಿದ್ದಾರೆ. ವೀಸಾದಿಂದ ಹಿಡಿದು ಊಟದ ತನಕ, ಗೊತ್ತಿರುವವರು ಬಿಡಿಸಿ ಹೇಳಿ. ಉಳಿಯೋದಕ್ಕೆ ಕೋಲಾರದಲ್ಲಿರುವ ನಮ್ಮ ಕಂಪನಿ ಗೆಸ್ಟ್‌ಹೌಸ್ ಅಂತ ಯೋಚನೆ. ಶುಕ್ರವಾರ ಮಧ್ಯಾಹ್ನ ಏನಾದರೂ ತೋರಿಸೋಣ ಅಂತಲೂ ಇದೆ.

ಉತ್ತರ 1: ಹೊಸಕೋಟೆ_ಅಡ್ಮಿನ್

ಪುಟ ಅವರಿಗೆ ಕಳಿಸಿ, ಆದರೆ ಅದರಲ್ಲಿ ಮುಕ್ಕಾಲು ಪಾಲು ಪಾಲಿಸಬೇಕಾದವರು ನೀವು. 4 ದಿನದ ಪ್ರವಾಸ ಕೆಡೋದು ಬಹುತೇಕ ಮೊದಲ 24 ಗಂಟೆಯಲ್ಲಿ, ಅದೂ ಕರೆಸಿಕೊಂಡವರ ಲೆಕ್ಕಾಚಾರದಿಂದ.

ಮೊದಲು ಟಿಕೆಟ್ ನೋಡಿ. ಯುರೋಪಿನಿಂದ ಬೆಂಗಳೂರಿಗೆ ಬರೋ ವಿಮಾನಗಳಲ್ಲಿ ಬಹಳಷ್ಟು ಇಳಿಯೋದು ನಡುರಾತ್ರಿ ದಾಟಿದ ಮೇಲೆ. "ಮಂಗಳವಾರ 01:30" ಅಂತಿದ್ದರೆ ರೂಮು ಸೋಮವಾರದ ರಾತ್ರಿಯಿಂದಲೇ ಬುಕ್ ಆಗಿರಬೇಕು. ಮಂಗಳವಾರದಿಂದ ಬುಕ್ ಮಾಡಿದರೆ ಚೆಕ್‌ಇನ್ ಮಧ್ಯಾಹ್ನ 12ಕ್ಕೋ 2ಕ್ಕೋ. ಅಲ್ಲಿಯವರೆಗೆ ಅತಿಥಿ ಲಾಬಿಯ ಸೋಫಾದಲ್ಲಿ. ಡ್ರೈವರ್‌ಗೂ ಬಾಯಲ್ಲಿ "ಮಂಗಳವಾರ ರಾತ್ರಿ" ಅನ್ನಬೇಡಿ. "ಸೋಮವಾರ ರಾತ್ರಿ ಊಟ ಮುಗಿಸಿ ಹೊರಡು" ಅಂತ ಹೇಳಿ, ದಿನಾಂಕ ಮತ್ತು 24 ಗಂಟೆಯ ಲೆಕ್ಕದ ಸಮಯವನ್ನು ಮೆಸೇಜಲ್ಲೂ ಹಾಕಿ. ವಾಪಸ್ ಹೋಗುವಾಗಲೂ ಇದೇ ಗೊಂದಲ. ಶನಿವಾರ 03:00ರ ವಿಮಾನ ಅಂದರೆ ಶುಕ್ರವಾರ ರಾತ್ರಿ 10ರ ಹೊತ್ತಿಗೆ ಕೋಲಾರ ಬಿಡಬೇಕು.

ಇಮಿಗ್ರೇಷನ್, ಲಗೇಜು ಮುಗಿಸಿ ಹಾಸಿಗೆ ಸೇರುವ ಹೊತ್ತಿಗೆ ಬೆಳಗಿನ ಜಾವ 4 ಆಗಿರುತ್ತೆ. ಆ ದಿನ ಬೆಳಿಗ್ಗೆ 9ಕ್ಕೆ ಓಪನಿಂಗ್ ಮೀಟಿಂಗ್ ಇಡಬೇಡಿ. 11:30ಕ್ಕೆ ಪ್ಲಾಂಟ್ ಸುತ್ತು, ಮಧ್ಯಾಹ್ನ ಕಾಗದಪತ್ರ, ಸಂಜೆ 5ಕ್ಕೆ ಬಿಡಿ. ಲೈನ್ ಆಡಿಟ್ ಬುಧವಾರ.

ವಿಮಾನ ನಿಲ್ದಾಣದಲ್ಲಿ: ವಿದೇಶಿ ವಿಮಾನಗಳು ಬರೋದು ಟರ್ಮಿನಲ್ 2ಕ್ಕೆ. ಡ್ರೈವರ್ ಒಳಗೆ ಬರೋ ಹಾಗಿಲ್ಲ, ಅತಿಥಿ ಹೊರಬಂದ ಮೇಲೆ ಮತ್ತೆ ಸುಮ್ಮನೆ ಒಳಗೆ ಹೋಗೋ ಹಾಗೂ ಇಲ್ಲ. ಹಣ ಬದಲಾವಣೆ, ಶೌಚಾಲಯ, ಫೋನ್ ಎಲ್ಲಾ ಒಳಗೇ ಮುಗಿಸಲಿ. ಅಲ್ಲಿನ ಉಚಿತ ವೈಫೈಗೆ ಓಟಿಪಿ ಬೇಕು, ವಿದೇಶಿ ನಂಬರಿಗೆ ಅದು ಬಾರದೇ ಇರಬಹುದು. ಹಾಗಾಗಿ ರೋಮಿಂಗ್ ಅಥವಾ ಟ್ರಾವೆಲ್ ಇಸಿಮ್ ಊರಲ್ಲೇ ಹಾಕಿಸಿಕೊಂಡು ಬರಲಿ. 4 ದಿನಕ್ಕೆ ಇಲ್ಲಿ ಸಿಮ್ ಕೊಳ್ಳೋದು ಬೇಡ, ದಾಖಲೆ ಕೊಟ್ಟು ಅದು ಚಾಲೂ ಆಗೋಕೆ ಕಾಯುವುದರಲ್ಲೇ ಒಂದು ದಿನ ಹೋಗಬಹುದು. ಡ್ರೈವರ್ ಹೆಸರು, ಫೋಟೋ, ಗಾಡಿ ನಂಬರ್ ವಿಮಾನ ಹತ್ತುವ ಮೊದಲೇ ಅವರ ಕೈಲಿರಬೇಕು. ಬೇರೆ ಯಾರು ಬಂದು "ಟ್ಯಾಕ್ಸಿ ಸರ್" ಅಂದರೂ ಹೋಗಬಾರದು.

ಕಾರು: ಸಿಎನ್‌ಜಿ ಗಾಡಿ ಬೇಡ. ಡಿಕ್ಕಿ ತುಂಬ ಸಿಲಿಂಡರ್ ಇರುತ್ತೆ, ಎರಡು ದೊಡ್ಡ ಸೂಟ್‌ಕೇಸ್ ಹಿಡಿಯೋಲ್ಲ. ಹಿಂದಿನ ಸೀಟಿನ ಬೆಲ್ಟ್ ಹಾಕಿ ನೋಡಿ. ಸೀಟ್ ಕವರ್ ಹೊಲಿಸುವಾಗ ಬಕಲ್ ಒಳಗೆ ಹುಗಿದು ಹೋಗಿರೋ ಗಾಡಿಗಳು ಎಷ್ಟೋ. ರಾತ್ರಿ ಹೆದ್ದಾರಿಯಲ್ಲಿ ಲೈಟಿಲ್ಲದ ಟ್ರ್ಯಾಕ್ಟರು, ರಾಂಗ್ ಸೈಡಲ್ಲಿ ಬರೋ ಬೈಕು ಎರಡೂ ಸಿಗುತ್ತವೆ. ಬೆಲ್ಟ್ ಇಲ್ಲದ ಗಾಡಿ ಕಳಿಸಲೇಬಾರದು. ಅವರು ತಾವೇ ಕಾರು ಓಡಿಸ್ತೀವಿ ಅಂದರೆ ಬೇಡ ಅನ್ನಿ.

ದಾರಿ: ದೇವನಹಳ್ಳಿ, ಸೂಲಿಬೆಲೆ, ಹೊಸಕೋಟೆ ಮೇಲೆ ಬನ್ನಿ. ಹೆಬ್ಬಾಳ, ಟಿನ್ ಫ್ಯಾಕ್ಟರಿ, ಕೆ.ಆರ್.ಪುರ ಸುತ್ತಿಸಬೇಡಿ. "ಒಳ್ಳೆ ಹೋಟೆಲು" ಅಂತ ಎಂ.ಜಿ. ರಸ್ತೆಯಲ್ಲಿ ಇಳಿಸಿದರೆ ಪ್ರತಿದಿನದ ಅರ್ಧ ಕೆಲಸ ಕಾರಿನಲ್ಲೇ ಕರಗುತ್ತೆ.

ಉತ್ತರ 2: ಎಕ್ಸಿಮ್_ಡೆಸ್ಕ್_ಮಾಲೂರು

ವೀಸಾ ಬಗ್ಗೆ. ಟೂರಿಸ್ಟ್ ಇ-ವೀಸಾದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಬರಬಾರದು, ಇ-ಬಿಸಿನೆಸ್ ವೀಸಾನೇ ಬೇಕು. ಅದಕ್ಕೆ ಅವರ ವಿಸಿಟಿಂಗ್ ಕಾರ್ಡ್ ಮತ್ತು ನಿಮ್ಮ ಲೆಟರ್‌ಹೆಡ್‌ನಲ್ಲಿ ಆಹ್ವಾನ ಪತ್ರ ಅಪ್‌ಲೋಡ್ ಆಗಬೇಕು. ಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಉದ್ದೇಶ, ನಿಮ್ಮ ವಿಳಾಸ ಇರಲಿ. ಬಂದಿಳಿಯೋದಕ್ಕೆ ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಬೇಕು ಅನ್ನೋದು ನಿಯಮ. ನಿಯಮದ ಅಂಚಿಗೆ ಹೋಗಬೇಡಿ, 3 ವಾರ ಮೊದಲೇ ಹಾಕಿಸಿ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಮತ್ತು ಎರಡು ಖಾಲಿ ಪುಟ ಇರಬೇಕು.

ಅರ್ಜಿ ತಿರಸ್ಕಾರವಾಗುವ ಅಥವಾ ಕೌಂಟರಿನಲ್ಲಿ ಸಿಕ್ಕಿಬೀಳುವ ಸಾಮಾನ್ಯ ಕಾರಣ ಅಕ್ಷರ ತಪ್ಪು. ಜರ್ಮನ್ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ 'ಓ' ಅನ್ನುವ ಇಂಗ್ಲಿಷ್ ಅಕ್ಷರ ಬರೋದೇ ಇಲ್ಲ, ಹಾಗೆ ಕಾಣೋದು ಸೊನ್ನೆ. ಅಲ್ಲಿ ಅಕ್ಷರ ಒತ್ತಿದರೆ ವೀಸಾ ಒಂದು ಸಂಖ್ಯೆಗೆ, ಪಾಸ್‌ಪೋರ್ಟ್ ಇನ್ನೊಂದು ಸಂಖ್ಯೆಗೆ.

ಸರ್ಕಾರಿ ತಾಣದಲ್ಲೇ ಅರ್ಜಿ ಹಾಕಲಿ, ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯಾ ನೋಡಲಿ. ಹುಡುಕಿದರೆ ಮೊದಲು ಕಾಣಿಸೋ ಜಾಹೀರಾತುಗಳಲ್ಲಿ ಹೆಚ್ಚಿನವು ದಲ್ಲಾಳಿ ತಾಣಗಳು. ಅನುಮತಿ ಪತ್ರವನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಬರಲಿ, ಫೋನ್ ಬ್ಯಾಟರಿ ನಂಬಬೇಡಿ. ಇದಲ್ಲದೆ ವಿದೇಶಿಯರು ಬರುವ ಮೊದಲಿನ 72 ಗಂಟೆಯೊಳಗೆ ಇ-ಅರೈವಲ್ ಕಾರ್ಡ್ ಆನ್‌ಲೈನಲ್ಲಿ ತುಂಬಬೇಕು. ಅದು ಉಚಿತ, ದುಡ್ಡು ಕೇಳಿದರೆ ಅದು ನಕಲಿ ತಾಣ.

ಆಡಿಟ್, ಮಾತುಕತೆ, ಕೊಂಡ ಮಾಲಿನ ಗುಣಮಟ್ಟ ನೋಡೋದು ಇವಕ್ಕೆ ಬಿಸಿನೆಸ್ ವೀಸಾ ಸರಿ. ಮುಂದೆ ಅವರ ಟೆಕ್ನಿಷಿಯನ್ ಬಂದು ಯಂತ್ರ ಕೂರಿಸೋದಿದ್ದರೆ ಅದೇ ವೀಸಾ ನಡೆಯುತ್ತೆ ಅಂದುಕೊಳ್ಳಬೇಡಿ, ವರ್ಗವನ್ನು ಆಗ ಬೇರೆಯಾಗಿ ವಿಚಾರಿಸಿ.

ತರಬಾರದ ವಸ್ತುಗಳು, ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿ:

- ಸ್ಯಾಟಲೈಟ್ ಫೋನ್. ಬೆಟ್ಟ ಹತ್ತುವವರು ಇಟ್ಟುಕೊಳ್ಳುವ ಚಿಕ್ಕ ಸ್ಯಾಟಲೈಟ್ ಮೆಸೆಂಜರ್ ಕೂಡ ಇದರಲ್ಲೇ ಬರುತ್ತೆ. ಅನುಮತಿ ಇಲ್ಲದೆ ತಂದ ವಿದೇಶಿಯರು ಇಲ್ಲಿನ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾಗಿದ್ದಾರೆ.
- ಇ-ಸಿಗರೇಟು. 2019ರ ಕಾಯ್ದೆಯಿಂದ ಇಲ್ಲಿ ಆಮದು, ಮಾರಾಟ ಎಲ್ಲಾ ನಿಷೇಧ. ಯುರೋಪಿನಲ್ಲಿ ಸಾಮಾನ್ಯ ವಸ್ತು, ಅದಕ್ಕೇ ಯೋಚಿಸದೆ ಜೇಬಲ್ಲಿಟ್ಟು ಬರ್ತಾರೆ.
- ಡ್ರೋನ್.

ಗೇಜು (ಅಳತೆ ಸಾಧನ), ಮಾಸ್ಟರ್ ಪೀಸುಗಳನ್ನು (ಹೋಲಿಸಿ ನೋಡೋ ಮಾದರಿ ಪಾರ್ಟ್) ಸೂಟ್‌ಕೇಸಲ್ಲಿ ಹಾಕಿಕೊಂಡು, ಕಸ್ಟಮ್ಸ್‌ಗೆ ತೋರಿಸೋದು ಏನೂ ಇಲ್ಲದವರು ಹೋಗೋ ಗ್ರೀನ್ ಚಾನೆಲ್‌ನಲ್ಲಿ ನುಗ್ಗಬಾರದು. ಎರಡು ವಾರ ಮೊದಲೇ ಕೊರಿಯರ್ ಮಾಡಿಸಿ. ಇನ್‌ವಾಯ್ಸಿನಲ್ಲಿ ಬೆಲೆ ಸೊನ್ನೆ ಅಂತ ಬರೆದರೆ ಕಸ್ಟಮ್ಸ್ ಅಲ್ಲೇ ನಿಲ್ಲಿಸುತ್ತೆ. ಉಚಿತ ಸ್ಯಾಂಪಲ್ ಆದರೂ ನಿಜವಾದ ಬೆಲೆ ಹಾಕಿ, ಕಸ್ಟಮ್ಸ್ ಲೆಕ್ಕಕ್ಕೆ ಮಾತ್ರ ಅಂತ ನಮೂದಿಸಲಿ.

ಗೆಸ್ಟ್‌ಹೌಸ್ ವಿಚಾರ ಬಹಳ ಮುಖ್ಯ. ವಿದೇಶಿಯರನ್ನು ಉಳಿಸಿಕೊಳ್ಳೋ ಯಾವುದೇ ಜಾಗ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ಪೋರ್ಟಲ್‌ನಲ್ಲಿ ಸಲ್ಲಿಸಬೇಕು (ಮೊದಲು ಇದನ್ನು ಫಾರ್ಮ್ ಸಿ ಅನ್ನುತ್ತಿದ್ದರು). ಕಂಪನಿ ಗೆಸ್ಟ್‌ಹೌಸಿಗೂ ವಿನಾಯಿತಿ ಇಲ್ಲ. ಆ ಪೋರ್ಟಲ್‌ನಲ್ಲಿ ನಿಮ್ಮ ಗೆಸ್ಟ್‌ಹೌಸ್ ನೋಂದಣಿ ಆಗಿದೆಯಾ? ಇಲ್ಲದಿದ್ದರೆ ಈ ಸಲ ಬಿಡಿ. ಚಿಕ್ಕ ಲಾಡ್ಜ್‌ಗಳು ವಿದೇಶಿ ಪಾಸ್‌ಪೋರ್ಟ್ ನೋಡಿ ರೂಮಿಲ್ಲ ಅನ್ನೋದು ಈ ನೋಂದಣಿ ಇಲ್ಲದ ಕಾರಣಕ್ಕೇ. ದೇವನಹಳ್ಳಿ, ಹೊಸಕೋಟೆ ಅಥವಾ ವೈಟ್‌ಫೀಲ್ಡ್ ಕಡೆ ಬುಕ್ ಮಾಡುವಾಗಲೂ ಇದನ್ನು ಫೋನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಉತ್ತರ 3: ಟಮಕ_ಆರೋಗ್ಯ

ನೀರು, ಊಟ. ಕೋಲಾರದ ಬೋರ್‌ವೆಲ್ ನೀರು ಅಂದರೆ ಎಲ್ಲರೂ ಫ್ಲೋರೈಡ್ ಅಂತಾರೆ. ಅದು ವರ್ಷಗಟ್ಟಲೆ ಕುಡಿಯುವ ಇಲ್ಲಿನ ಜನರ ಸಮಸ್ಯೆ, 4 ದಿನದ ಅತಿಥಿಗಲ್ಲ. ಅತಿಥಿಯನ್ನು ಮಲಗಿಸೋದು ಸೂಕ್ಷ್ಮಾಣು. ಆರ್‌ಒ ನೀರೇ ಆದರೂ ಕ್ಯಾನ್ ಬಾಯಿ, ಡಿಸ್ಪೆನ್ಸರಿನ ಕೊಳಾಯಿ, ಲೋಟ ಇವುಗಳಲ್ಲಿ ಕೊಳೆ ಸೇರುತ್ತೆ. ಸೀಲ್ ಇರುವ ಬಾಟಲಿ ಕೊಡಿ, ಅವರೇ ಮುಚ್ಚಳ ತೆಗೆಯಲಿ. ಹಲ್ಲುಜ್ಜೋಕೂ ಅದೇ ನೀರು. ಬಾತ್‌ರೂಮಲ್ಲಿ ಒಂದು ಬಾಟಲಿ ಇಡದಿದ್ದರೆ ನಲ್ಲಿಗೇ ಕೈ ಹೋಗುತ್ತೆ.

ಬಿಸಿ ಇಡ್ಲಿ, ಹೆಂಚಿನ ಮೇಲಿಂದ ನೇರ ತಟ್ಟೆಗೆ ಬಂದ ದೋಸೆ ನಿಶ್ಚಿಂತೆ. ಅಪಾಯ ಪಕ್ಕದ ಕಾಯಿ ಚಟ್ನಿಯಲ್ಲಿದೆ. ಬೆಳಿಗ್ಗೆ 6ಕ್ಕೆ ರುಬ್ಬಿ 10ರ ತನಕ ಹೊರಗಿಟ್ಟಿದ್ದು ಬೇಡವೇ ಬೇಡ, ಕುದಿಯೋ ಸಾಂಬಾರ್ ಸಾಕು. ಹಾಗೇ ಹೆಚ್ಚಿದ ಸೌತೆಕಾಯಿ, ಈರುಳ್ಳಿ, ಕೋಸಂಬರಿ, ಐಸ್ ಹಾಕಿದ ಜ್ಯೂಸ್, ಮಜ್ಜಿಗೆ, ಗಂಟೆಗಟ್ಟಲೆ ಮುಚ್ಚಿಟ್ಟ ಬಿರಿಯಾನಿ ಬಿಡಿ. ಅನ್ನ ಉಗುರುಬೆಚ್ಚಗೆ ಬಹಳ ಹೊತ್ತು ಇದ್ದರೆ ಅದರಲ್ಲಿ ಬೆಳೆಯೋ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಎದುರಿಗೇ ಕೊಚ್ಚಿದ ಎಳನೀರು, ತಾವೇ ಸುಲಿದ ಬಾಳೆಹಣ್ಣು, ಕಾಫಿ ಧಾರಾಳವಾಗಿ ಕೊಡಿ. ರಾಗಿ ಮುದ್ದೆ ಕೊಡಬಹುದು, ಬಿಸಿಯಾಗಿ, ಅಗಿಯದೆ ಸಾರಿನಲ್ಲಿ ಅದ್ದಿ ನುಂಗೋದು ಅಂತ ತೋರಿಸಿ. ಖಾರದ ನಾಟಿ ಕೋಳಿ ಸಾರು ಕೊನೆಯ ದಿನಕ್ಕೂ ಬೇಡ, ಅವತ್ತು ರಾತ್ರಿ ವಿಮಾನ.

ಬಲವಂತ ಮಾಡಿ ಬಡಿಸಬೇಡಿ. ನಮ್ಮಲ್ಲಿ ಅದು ಪ್ರೀತಿ ನಿಜ, ಆದರೆ ನಿದ್ದೆಗೆಟ್ಟ ಹೊಟ್ಟೆಗೆ ಮೂರನೇ ಸಲದ ಹೋಳಿಗೆ ಶಿಕ್ಷೆ. ರಾತ್ರಿ ಊಟ 7ಕ್ಕೆ ಮುಗಿಸಿ, 9:30ರ ಔತಣ ಇಡಬೇಡಿ.

ಭೇದಿ ಶುರುವಾದರೆ ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಪುಡಿ. 1 ಲೀಟರ್‌ನ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಸುರಿದರೆ ಉಪ್ಪಿನಂಶ ಹೆಚ್ಚಾಗಿ ಕೆಡುಕೇ. ಸಿಹಿ ಹಣ್ಣಿನ ಪಾನೀಯಗಳು ಅದರ ಬದಲಿಯಲ್ಲ. ಜ್ವರ ಅಥವಾ ರಕ್ತ ಕಂಡರೆ ಮಾತ್ರೆ ಹುಡುಕುತ್ತಾ ಕೂರದೆ ಆಸ್ಪತ್ರೆಗೆ. ಹೆದ್ದಾರಿ ಪಕ್ಕದಲ್ಲೇ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ದಿನನಿತ್ಯದ ಔಷಧಿಗಳನ್ನು ಮೂಲ ಪ್ಯಾಕ್‌ನಲ್ಲಿ, ವೈದ್ಯರ ಚೀಟಿ ಸಮೇತ ತರಲಿ. ಗೇಟಿನ ಹತ್ತಿರದ ನಾಯಿಗಳನ್ನು ಮುದ್ದು ಮಾಡಬಾರದು. ಕಚ್ಚಿದರೆ, ಪರಚಿದರೂ, 15 ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚೋದು, ಮುಲಾಮು ಬೆಳಿಗ್ಗೆಯೇ ಹಚ್ಚಿಕೊಳ್ಳಲಿ.

ಪ್ರಶ್ನೆ ಕೇಳಿದವರು: ವೇಮಗಲ್_ಪ್ಲಾನಿಂಗ್

ಎಲ್ಲರಿಗೂ ಧನ್ಯವಾದ. ಗೆಸ್ಟ್‌ಹೌಸ್ ನೋಂದಣಿ ಆಗಿಲ್ಲ, ಹೋಟೆಲ್ ನೋಡ್ತೀನಿ. ದಸರಾ ವಾರದಲ್ಲಿ ಆಡಿಟ್ ನಡೆಸಬಹುದಾ? ಫ್ಯಾಕ್ಟರಿ ಫ್ಲೋರ್ ಮೇಲೆ ಏನು ಜಾಗ್ರತೆ? ಶುಕ್ರವಾರ ನಂದಿಬೆಟ್ಟ ಅಥವಾ ಕೆಜಿಎಫ್ ಹೇಗೆ?

ಉತ್ತರ 4: ಲೈನ್_ಆಡಿಟ್_ಕೋಲಾರ

ದಸರಾ ವಾರ ಬೇಡ. ಆಯುಧ ಪೂಜೆಯ ದಿನ ಯಂತ್ರ ತೊಳೆದು, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ ಲೈನ್ ಓಡಲ್ಲ. ಹಿಂದಿನ ದಿನವೇ ಅರ್ಧ ಆಪರೇಟರ್‌ಗಳು ಊರಿಗೆ ಹೊರಟಿರುತ್ತಾರೆ. ಆಡಿಟರ್ ನೋಡಬೇಕಾದ್ದು ಮಾಮೂಲಿ ಶಿಫ್ಟು, ಬದಲಿ ಆಳುಗಳ ಶಿಫ್ಟಲ್ಲ. ವಿಜಯದಶಮಿ ಆದ ಮೇಲಿನ ವಾರಕ್ಕೆ ತಳ್ಳಿ. ದಶಮಿಯಿಂದ ಸುಮಾರು 20 ದಿನಕ್ಕೆ ದೀಪಾವಳಿ, ಆ ವಾರವೂ ಕಳೆದುಕೊಂಡಂತೆಯೇ, ಅಷ್ಟರೊಳಗೆ ಮುಗಿಸಿ. ಅಕ್ಟೋಬರ್ ಕೊನೆಯ ಭಾನುವಾರ ಜರ್ಮನಿಯಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತೆ. ನಮಗೂ ಅವರಿಗೂ ಅಂತರ 3:30 ಗಂಟೆಯಿಂದ 4:30ಕ್ಕೆ ಏರುತ್ತೆ. ಅವರ ಆಫೀಸ್ ಜೊತೆ ಕಾಲ್ ಇಟ್ಟಿದ್ದರೆ ಸಮಯ ತಿದ್ದಿಕೊಳ್ಳಿ.

ಫ್ಲೋರ್ ಮೇಲೆ ಅತಿಥಿಗಳಿಗೆ ಹೇಳಬೇಕಾದ್ದು ಎರಡೇ ದೊಡ್ಡ ವಿಷಯ. ಒಂದು, "ಇದು ಆಗುತ್ತಾ?" ಅಂತ ಕೇಳಬಾರದು. ದೂರದಿಂದ ಬಂದವರಿಗೆ ಇಲ್ಲ ಅನ್ನೋದು ನಮ್ಮವರಿಗೆ ಕಷ್ಟ, ಹೂಂ ಅಂದುಬಿಡ್ತಾರೆ. "ಎಷ್ಟು ಪೀಸು, ಯಾವ ತಾರೀಕು, ಯಾರ ಜವಾಬ್ದಾರಿ, ಮಾಲು ಯಾವಾಗ ಬರುತ್ತೆ" ಅಂತ ಕೇಳಿದರೆ ನಿಜ ಹೊರಬರುತ್ತೆ. ಪ್ರತಿ ಸಂಜೆ ಅದನ್ನೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಎರಡು, ತಪ್ಪು ಕಂಡರೆ ಸೂಪರ್‌ವೈಸರನ್ನು ಅವನ ಹುಡುಗರ ಮುಂದೆ ಗದರಬಾರದು. ಪಕ್ಕಕ್ಕೆ ಕರೆದು ಹೇಳಿದರೆ ಅದೇ ದಿನ ಸರಿಹೋಗುತ್ತೆ, ಎಲ್ಲರ ಮುಂದೆ ಹೇಳಿದರೆ ಮರುದಿನದಿಂದ ಯಾರೂ ಬಾಯಿ ಬಿಡಲ್ಲ. ಹೆಣ್ಣುಮಕ್ಕಳಿಗೆ ತಾವಾಗಿ ಕೈ ಚಾಚದೆ ನಮಸ್ಕಾರ ಸಾಕು. ಕೊಡೋದು ತಗೊಳ್ಳೋದು ಬಲಗೈಲಿ.

ನಿಮ್ಮ ಕಡೆ: ಆ ವಾರ ಬೆಸ್ಕಾಂ ನಿರ್ವಹಣೆ ಕಡಿತ ಇದೆಯಾ ವಿಚಾರಿಸಿ. ಸಿಎಂಎಂ (ಪಾರ್ಟುಗಳ ಅಳತೆ ತೆಗೆಯೋ ಯಂತ್ರ) ಯುಪಿಎಸ್ ಮೇಲಿಲ್ಲದಿದ್ದರೆ ಜನರೇಟರ್ ಹತ್ತಿಕೊಳ್ಳೋ ಕೆಲವೇ ಸೆಕೆಂಡಿನಲ್ಲಿ ಅಳತೆ ನಿಂತು, ಯಂತ್ರವನ್ನು ಮೂಲ ಸ್ಥಾನಕ್ಕೆ ತರೋದರಿಂದ (ಹೋಮಿಂಗ್) ಮತ್ತೆ ಶುರು ಮಾಡಬೇಕಾಗುತ್ತೆ. ಪೇಟ, ಹಾರ, ಭಾಷಣದ ಸ್ವಾಗತ 10 ನಿಮಿಷ ಮೀರದಿರಲಿ. ನಿಮ್ಮ ಎಂಡಿ ರಾಹುಕಾಲ ನೋಡುವವರಾದರೆ ಕ್ಲೋಸಿಂಗ್ ಸಹಿಯನ್ನು ಶುಕ್ರವಾರ 10:30ರಿಂದ 12ರ ನಡುವೆ ಇಡಬೇಡಿ. ಅತಿಥಿಗೆ ಅರ್ಥವಾಗದ ಕಾರಣಕ್ಕೆ ಅವರನ್ನು ಒಂದೂವರೆ ಗಂಟೆ ಕಾಯಿಸೋದು ಚೆನ್ನಾಗಿರಲ್ಲ.

ಅವರ ಜರ್ಮನ್ ಪ್ಲಗ್ ನಮ್ಮ ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತು ಕಿಡಿ ಹಾರಿಸುತ್ತೆ. ಎರಡು ಅಡಾಪ್ಟರ್ ಕೊಡಿ. 230 ವೋಲ್ಟೇ ಆದ್ದರಿಂದ ಕನ್ವರ್ಟರ್ ಬೇಡ.

ಉತ್ತರ 5: ಹೊಸಕೋಟೆ_ಅಡ್ಮಿನ್

ಶುಕ್ರವಾರದ ಸುತ್ತಾಟಕ್ಕೆ ನಂದಿಬೆಟ್ಟ ಬೇಡ, ಹೋಗಿ ಬರೋದರಲ್ಲೇ ಮಧ್ಯಾಹ್ನ ಮುಗಿಯುತ್ತೆ. ಕೆಜಿಎಫ್ ಚಿನ್ನದ ಗಣಿ 2001ರಲ್ಲೇ ಮುಚ್ಚಿದೆ, ಗಣಿಯೊಳಗೆ ಇಳಿಸಿ ತೋರಿಸೋ ವ್ಯವಸ್ಥೆ ಇಲ್ಲ. ಅದಿರಿನ ಪುಡಿ ಗುಡ್ಡೆಗಳ ದೂಳು ಸೈನೈಡ್ ಸಂಸ್ಕರಣೆಯ ಉಳಿಕೆ, ಆ ಗುಡ್ಡೆಗಳನ್ನು ಹತ್ತಿಸಬೇಡಿ. ಕೋಲಾರ ಪಟ್ಟಣದಲ್ಲೇ ಕೋಲಾರಮ್ಮ ಮತ್ತು ಸೋಮೇಶ್ವರ ದೇವಸ್ಥಾನಗಳಿವೆ, ಎರಡಕ್ಕೂ ಸೇರಿ ಎರಡು ಗಂಟೆ ಸಾಕು. ದೇವಸ್ಥಾನ ಮಧ್ಯಾಹ್ನ ಮುಚ್ಚಿರಬಹುದು, ಸಮಯ ಮೊದಲೇ ಕೇಳಿಟ್ಟುಕೊಳ್ಳಿ. ಚಪ್ಪಲಿ ಬಿಡಬೇಕು, ಬಿಸಿಲಿಗೆ ಕಲ್ಲು ಸುಡುತ್ತೆ, ಸಾಕ್ಸ್ ಹಾಕಿಕೊಂಡು ಬರಲಿ. ಅಂತರಗಂಗೆಗೆ ಹೋದರೆ ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಬೇಡ, ಕೋತಿಗಳಿವೆ. ಕತ್ತಲಾಗುವ ಮೊದಲು ಇಳಿದುಬಿಡಿ.

ನಗದು 5,000 ರೂಪಾಯಿ ಸಾಕು, 100ರ ನೋಟುಗಳಲ್ಲಿ ಸ್ವಲ್ಪ ಇರಲಿ. ಸಹೋದ್ಯೋಗಿಗಳು ಕೊಟ್ಟ ಹಳೇ ನೋಟು ತಂದರೆ ನೋಡಿ, 2016ಕ್ಕಿಂತ ಮುಂಚಿನ 500, 1,000ದ ನೋಟು ಚಲಾವಣೆಯಲ್ಲಿಲ್ಲ. ವಾಪಸ್ ಹೋಗುವಾಗ ಟರ್ಮಿನಲ್ ಬಾಗಿಲಲ್ಲೇ ಭದ್ರತಾ ಸಿಬ್ಬಂದಿ ಟಿಕೆಟ್ ಮತ್ತು ಪಾಸ್‌ಪೋರ್ಟ್ ಕೇಳ್ತಾರೆ. ಫೋನ್ ಸತ್ತರೂ ತೊಂದರೆ ಆಗದ ಹಾಗೆ ಟಿಕೆಟ್ ಪ್ರಿಂಟ್ ತೆಗೆದು ಶುಕ್ರವಾರ ಸಂಜೆ ನೀವೇ ಅವರ ಕೈಗೆ ಕೊಡಿ.