ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳು ಅಮೆರಿಕಕ್ಕೆ ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದವೇ?

ಪ್ರಶ್ನೆ – ಸ್ಯಾಕ್ರಮೆಂಟೊ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಹದಿನಾಲ್ಕು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನಮ್ಮ ಬೀದಿಯ ಹಿರಿಯರೊಬ್ಬರು ಬಹುಕಾಲದಿಂದ ಗ್ಯಾರೇಜಿನಲ್ಲಿ ಮುಚ್ಚಿಟ್ಟಿದ್ದ 1958ರ ಎಂಜಿಎ ಕಾರನ್ನು (ಇಂಗ್ಲೆಂಡಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು), ಇನ್ನು ತಮ್ಮ ಕೈಯಿಂದ ರಿಪೇರಿ ಸಾಗದೆಂದು ಹೋದ ಬೇಸಿಗೆಯಲ್ಲಿ ನನಗೆ ಕೊಟ್ಟರು. ಅಂದಿನಿಂದ ವಾರಾಂತ್ಯಗಳಲ್ಲಿ ಅದನ್ನು ಒಂದೊಂದಾಗಿ ಬಿಚ್ಚಿ ಶುಚಿ ಮಾಡುತ್ತಿದ್ದೇನೆ.

ಆ ಹಿರಿಯರು ಹೇಳುವ ಕಥೆ ಹೀಗಿದೆ: ಕಾರು ಇಂಗ್ಲೆಂಡಿನಿಂದ ಮರದ ಪೆಟ್ಟಿಗೆಯಲ್ಲಿ ಬಂದಿತಂತೆ, ಇಲ್ಲಿಯ ಡೀಲರು ಅದೇ ಪೆಟ್ಟಿಗೆಯ ಹಲಗೆಗಳನ್ನು ಕೊಯ್ದು ಕಾರಿನ ನೆಲಕ್ಕೆ ಹಾಕಿದರಂತೆ. ಕಾರ್ಪೆಟ್ ಎತ್ತಿ ನೋಡಿದಾಗ ನೆಲ ನಿಜವಾಗಿಯೂ ಪ್ಲೈವುಡ್‌ನದೇ ಆಗಿತ್ತು! ಬಾನೆಟ್ಟಿನ ಕೀಲುಗಳ ಸಂದಿಯಲ್ಲಿ ಹಳದಿಗಟ್ಟಿದ ಮೇಣದಂತಹ ಪದರವೊಂದಿದೆ. ಹಿಂದಿನ ಎರಡೂ ಮಡ್‌ಗಾರ್ಡ್‌ಗಳ ಕೆಳ ಅಂಚಿನಲ್ಲಿ ಒಂದೇ ಎತ್ತರಕ್ಕೆ ಹಳೆಯ ತಗ್ಗುಗಳಿದ್ದು, ಯಾರೋ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ. ಆ ಕಾಲದಲ್ಲಿ ಈ ಕಾರುಗಳನ್ನು ಸಾಗರದಾಚೆಗೆ ಹೇಗೆ ಕಳುಹಿಸುತ್ತಿದ್ದರು, ಪೆಟ್ಟಿಗೆಯ ಕಥೆ ನಿಜವಿರಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 – ಹಳೆಯ ಗಾಡಿ, ಮೈಸೂರು

ನಿಮ್ಮ ಹಿರಿಯರು ಕೇಳಿದ್ದನ್ನೇ ನಂಬಿ ಹೇಳಿದ್ದಾರೆ, ಆದರೆ ನೆಲದ ವಿಷಯದಲ್ಲಿ ಅವರ ಊಹೆ ಸರಿಯಲ್ಲ. ಎಂಜಿಎ ಕಾರಿನ ನೆಲ ಕಾರ್ಖಾನೆಯಲ್ಲಿಯೇ ಪ್ಲೈವುಡ್‌ನದು. ಉಕ್ಕಿನ ಚಾಸಿಯ (ಕಾರಿನ ಅಡಿಯ ಚೌಕಟ್ಟಿನ) ಮೇಲೆ ಪ್ಲೈವುಡ್ ತುಂಡುಗಳನ್ನು ಸ್ಕ್ರೂ ಹಾಕಿ ಕೂರಿಸುತ್ತಿದ್ದರು. ನಿಮ್ಮ ಹಲಗೆಗಳ ಅಂಚು ಚಾಸಿಯ ಆಕಾರಕ್ಕೆ ಅಚ್ಚುಕಟ್ಟಾಗಿ ಹೊಂದಿಕೊಂಡಿದ್ದರೆ ಅವು ಆಕ್ಸ್‌ಫರ್ಡಿನ ಸಮೀಪದ ಅಬಿಂಗ್ಡನ್ ಕಾರ್ಖಾನೆಯಿಂದಲೇ ಬಂದವು, ಇಲ್ಲವೇ ಅದೇ ಅಳತೆಗೆ ಆಮೇಲೆ ಮಾಡಿಸಿದವು. ದಯವಿಟ್ಟು ಅವನ್ನು ತೆಗೆದು ತಗಡು ಹಾಕಿಸಬೇಡಿ.

ಪೆಟ್ಟಿಗೆಯ ಪ್ರಶ್ನೆಗೆ ಉತ್ತರ ನಿಮ್ಮ ಕಾರಿನಲ್ಲಿಯೇ ಇದೆ. ಎಂಜಿನ್ನಿನ ಹಿಂದಿನ ಗೋಡೆಯ ಬಳಿ ಚಿಕ್ಕ ಲೋಹದ ಫಲಕವೊಂದಿರುತ್ತದೆ. 1958ರ ಕಾರಾದರೆ ಅದರ ಮೇಲಿನ ಸಂಖ್ಯೆ ಮೂರು ಅಕ್ಷರ ಮತ್ತು ಎರಡು ಅಂಕಿಗಳಿಂದ ಆರಂಭವಾಗಬೇಕು. ಎರಡನೆಯ ಅಕ್ಷರ ಡಿ ಆಗಿದ್ದರೆ ತೆರೆದ ಕಾರು, ಎಂ ಆಗಿದ್ದರೆ ಗಟ್ಟಿ ಮೇಲ್ಛಾವಣಿಯ ಕೂಪೆ. ಮೂರನೆಯ ಅಕ್ಷರ ಬಣ್ಣದ್ದು. ನಿಮಗೆ ಬೇಕಾದದ್ದು ಮೊದಲನೆಯ ಅಂಕಿ: 1 ಎಂದರೆ ಬ್ರಿಟನ್ನಿನೊಳಗೆ ಮಾರಲು ಮಾಡಿದ್ದು, 2 ಎಂದರೆ ಬಲಗಡೆ ಸ್ಟಿಯರಿಂಗ್ ಇರುವ ರಫ್ತು ಕಾರು, 3 ಎಂದರೆ ಎಡಗಡೆಯದು, 4 ಎಂದರೆ ಉತ್ತರ ಅಮೆರಿಕಕ್ಕೆಂದೇ ಮಾಡಿದ್ದು. 5 ಮತ್ತು 6 ಮಾತ್ರ ಬಿಡಿಭಾಗಗಳಾಗಿ ಪೆಟ್ಟಿಗೆ ಕಟ್ಟಿ ಕಳುಹಿಸಿದ ಕಾರುಗಳಿಗೆ ಮೀಸಲು.

ಬಿಡಿಭಾಗಗಳ ಪದ್ಧತಿ ಇದ್ದದ್ದು ನಿಜ, ಆದರೆ ಅಮೆರಿಕಕ್ಕಾಗಿ ಅಲ್ಲ. ಆಮದಾದ ಪೂರ್ಣ ಕಾರಿನ ಮೇಲೆ ಹೆಚ್ಚು ಸುಂಕ ಹಾಕಿ, ಜೋಡಣೆಯ ಕೆಲಸ ತಮ್ಮ ನೆಲದಲ್ಲಿಯೇ ನಡೆಯಲಿ ಎಂದು ಬಯಸಿದ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಐರ್ಲೆಂಡ್‌ನಂತಹ ದೇಶಗಳಿಗೆ ಅದು ಹೊಂದುತ್ತಿತ್ತು. ಮುಂದೆ ಬಂದ ಎಂಜಿಬಿಯನ್ನು 1963ರಿಂದ 1972ರವರೆಗೆ ಸಿಡ್ನಿಯಲ್ಲಿ ಹೀಗೆಯೇ ಜೋಡಿಸುತ್ತಿದ್ದರು. ನಮ್ಮಲ್ಲಿ ಹಿಂದೂಸ್ತಾನ್ ಮೋಟರ್ಸ್ ಕೂಡ ಗುಜರಾತಿನ ಓಖಾ ಬಂದರಿನಲ್ಲಿ ಮಾರಿಸ್ ಕಾರಿನ ಭಾಗಗಳನ್ನು ಜೋಡಿಸುತ್ತಲೇ ಕೆಲಸ ಆರಂಭಿಸಿತು. ವಿಲಾಯಿತಿ ಕಾರೆಂದರೆ ಪೆಟ್ಟಿಗೆಯಲ್ಲಿ ಬರುತ್ತದೆ ಎಂಬ ಭಾವನೆ ನಮ್ಮ ಹಿರಿಯರಲ್ಲಿಯೂ ಇದ್ದದ್ದು ಬಹುಶಃ ಇದರಿಂದಲೇ.

ಇಷ್ಟೊಂದು ಕಾರುಗಳು ಸಾಗರ ದಾಟಿದ ಕಾರಣವನ್ನೂ ಹೇಳಬೇಕು, ಏಕೆಂದರೆ ಅದನ್ನು ಬಿಟ್ಟರೆ ನಿಮ್ಮ ಕಾರು ಕ್ಯಾಲಿಫೋರ್ನಿಯಾದಲ್ಲಿ ಇರುವುದೇ ಅರ್ಥವಾಗುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಸಾಲದಲ್ಲಿ ಮುಳುಗಿತ್ತು, ಡಾಲರುಗಳ ಕೊರತೆ ತೀವ್ರವಾಗಿತ್ತು. ವಾಣಿಜ್ಯ ಖಾತೆಯ ಸಚಿವರಾಗಿದ್ದ ಸ್ಟಾಫರ್ಡ್ ಕ್ರಿಪ್ಸ್ (ಹೌದು, 1942ರಲ್ಲಿ ನಮ್ಮ ದೇಶಕ್ಕೆ ಸಂಧಾನಕ್ಕೆಂದು ಬಂದಿದ್ದ ಅದೇ ಕ್ರಿಪ್ಸ್) ತಯಾರಿಸಿದ ಕಾರುಗಳಲ್ಲಿ ಅರ್ಧದಷ್ಟನ್ನಾದರೂ ಹೊರದೇಶಕ್ಕೆ ಮಾರಬೇಕೆಂದು 1945ರಲ್ಲಿ ಕಂಪನಿಗಳಿಗೆ ಹೇಳಿದರು. ಮುಂದೆ ಆ ಪಾಲು ಇನ್ನೂ ಏರಿತು. ಉಕ್ಕು ಸರ್ಕಾರದ ಹಂಚಿಕೆಯಲ್ಲಿದ್ದುದರಿಂದ ರಫ್ತು ಮಾಡಿದವರಿಗೇ ಉಕ್ಕು ಸಿಗುತ್ತಿತ್ತು. ಅತ್ತ ಬ್ರಿಟಿಷ್ ಗ್ರಾಹಕನೊಬ್ಬ ಹೊಸ ಕಾರು ಪಡೆಯಬೇಕಾದರೆ ಅದನ್ನು ನಿಗದಿತ ಅವಧಿಯವರೆಗೆ ಮರುಮಾರಾಟ ಮಾಡುವುದಿಲ್ಲವೆಂದು ಕರಾರುಪತ್ರ ಬರೆದುಕೊಡಬೇಕಿತ್ತು. 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆಯನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿದ ಮೇಲಂತೂ ಅಮೆರಿಕದ ಗಿರಾಕಿಗೆ ಇಂಗ್ಲಿಷ್ ಕಾರು ಅಗ್ಗವಾಯಿತು. ಯುದ್ಧಾನಂತರದ ಎಂಜಿ ಟಿಸಿ 10 ಸಾವಿರ ತಯಾರಾದರೂ ಅಮೆರಿಕಕ್ಕೆ ಹೋದದ್ದು ಸುಮಾರು 2 ಸಾವಿರ, ಅದೂ ಬಲಗಡೆ ಸ್ಟಿಯರಿಂಗ್‌ನೊಂದಿಗೆ. ನಿಮ್ಮ ಎಂಜಿಎ 1955ರಿಂದ 1962ರೊಳಗೆ ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ತಯಾರಾಯಿತು, ಅದರಲ್ಲಿ ಬ್ರಿಟನ್ನಿನೊಳಗೆ ಮಾರಾಟವಾದದ್ದು 6 ಸಾವಿರಕ್ಕೂ ಕಡಿಮೆ. ತಮ್ಮ ಊರಿನಲ್ಲಿಯೇ ತಯಾರಾಗುತ್ತಿದ್ದ ಕಾರನ್ನು ತಮ್ಮ ರಸ್ತೆಗಳಲ್ಲಿ ಅಪರೂಪಕ್ಕೆ ಕಾಣುತ್ತಿದ್ದ ಅಬಿಂಗ್ಡನ್ ಕೆಲಸಗಾರರನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಕಲಕುತ್ತದೆ.

ಮೇಣದ ಪದರದ ಬಗ್ಗೆ ಒಂದು ಮಾತು. ರಫ್ತಾಗುವ ಕಾರುಗಳ ಬಣ್ಣಕ್ಕೂ ಕ್ರೋಮ್ ಭಾಗಗಳಿಗೂ ಉಪ್ಪುಗಾಳಿ ತಾಗದಂತೆ ರಕ್ಷಣೆಯ ಮೇಣ ಬಳಿಯುವುದು ರೂಢಿಯಾಗಿತ್ತು. ಡೀಲರ ಅಂಗಳದಲ್ಲಿ ಸೀಮೆಎಣ್ಣೆ ಅಥವಾ ಅಂತಹದೇ ದ್ರಾವಣದಿಂದ ಅದನ್ನು ತೊಳೆದು ಕಾರನ್ನು ಮಾರಾಟಕ್ಕೆ ಇಡುತ್ತಿದ್ದರು. ಕೈ ಹೋಗದ ಸಂದಿಗಳಲ್ಲಿ ಅದು ಉಳಿದಿರಬಹುದು.

ಉತ್ತರ 2 – ಬಂದರಿನವರು, ಉಡುಪಿ

ನಾನು ಮುಂಬೈ ಬಂದರಿನಲ್ಲಿ 1971ರಿಂದ ಟ್ಯಾಲಿ ಕ್ಲರ್ಕ್, ಅಂದರೆ ಹಡಗಿನ ಸರಕನ್ನು ಎಣಿಸಿ ಬರೆದಿಡುವ ಗುಮಾಸ್ತ, ಆಗಿದ್ದೆ. ನಮ್ಮಲ್ಲಿಗೆ ಬರುತ್ತಿದ್ದ ಕಾರುಗಳು ಬಹಳ ಕಡಿಮೆ. ಹೆಚ್ಚಿನವು ರಾಯಭಾರ ಕಚೇರಿಗಳವು, ಉಳಿದವು ಹೊರದೇಶದಿಂದ ಮರಳುತ್ತಿದ್ದ ಕುಟುಂಬಗಳವು. ಆದರೆ ಸಾಮಾನ್ಯ ಸರಕಿನ ಹಡಗಿನಲ್ಲಿ ಕಾರನ್ನು ಏರಿಸಿ ಇಳಿಸುವ ಕ್ರಮ ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಮುಂಬೈಯಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಆದ್ದರಿಂದ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ಕಾರನ್ನು ನೇರವಾಗಿ ಹಡಗಿನೊಳಕ್ಕೆ ಓಡಿಸುವ ಹಡಗುಗಳು ಸಾಮಾನ್ಯವಾದದ್ದು ಆಮೇಲೆ. ಅದಕ್ಕೆ ಮೊದಲು ಪ್ರತಿಯೊಂದು ಕಾರೂ ಕ್ರೇನಿನ ಕೊಕ್ಕೆಗೆ ತೂಗಬೇಕಿತ್ತು. ಮುಂದಿನ ಎರಡು ಚಕ್ರಗಳ ಅಡಿಗೆ ಒಂದು ಬಲೆ, ಹಿಂದಿನ ಎರಡರ ಅಡಿಗೆ ಇನ್ನೊಂದು ಬಲೆ ಹಾಸಿ, ಕಾರನ್ನು ಕೈಯಿಂದ ತಳ್ಳಿ ಅದರ ಮೇಲೆ ನಿಲ್ಲಿಸುತ್ತಿದ್ದರು. ಬಲೆಯ ನಾಲ್ಕು ಮೂಲೆಗಳಿಂದ ಮೇಲೇರುವ ಹಗ್ಗಗಳು ಕಾರಿನ ಮೈಗೆ ಉಜ್ಜದಿರಲೆಂದು ನೆತ್ತಿಯ ಮೇಲೆ ಅಗಲವಾದ ಚೌಕಟ್ಟೊಂದು ಇರುತ್ತಿತ್ತು. ಕಾರು ಗಾಳಿಯಲ್ಲಿ ತಿರುಗದಂತೆ ಕೆಳಗೆ ಇಬ್ಬರು ಉದ್ದದ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಸರಕು ಇಳಿಸುವ ಹ್ಯಾಚಿನ ಬಾಯಿಗೆ ನೇರವಾಗಿ ಕಾರು ಬಂದ ಕ್ಷಣದಲ್ಲಿ ಎಲ್ಲರ ಮಾತೂ ನಿಂತುಬಿಡುತ್ತಿತ್ತು, ಸಂಜ್ಞೆ ಮಾಡುವವನ ಕೈಯೊಂದೇ ಆಡುತ್ತಿತ್ತು. ಒಳಗಿಳಿದ ಮೇಲೆ ಹಡಗಿನ ನಡುವಣ ಅಂತಸ್ತಿನಲ್ಲಿ ನಾಲ್ಕೈದು ಮಂದಿ ಅದನ್ನು ಅದರ ಜಾಗಕ್ಕೆ ತಳ್ಳಿ, ಗಾಲಿಗಳಿಗೆ ಮರದ ಬೆಣೆ ಬಡಿದು, ಬಂಪರಿಗೆ ಕಟ್ಟದೆ ಆಕ್ಸಲ್ಲಿಗೂ ಚಾಸಿಗೂ ಹಗ್ಗ ಹಾಕಿ, ಹಗ್ಗದ ನಡುವೆ ಕೋಲು ತುರುಕಿ ತಿರುಚಿ ಬಿಗಿ ಮಾಡುತ್ತಿದ್ದರು. ಬ್ಯಾಟರಿಯ ತಂತಿ ಕಳಚಿರಬೇಕು, ಟ್ಯಾಂಕಿನಲ್ಲಿ ಪೆಟ್ರೋಲು ತಳ ಮುಟ್ಟಿರಬೇಕು.

ಸಮುದ್ರದ ನೀರು ಒಳನುಗ್ಗುವುದು ಅಪರೂಪ. ಕಾರಿಗೆ ನಿಜವಾದ ಶತ್ರು ನಾವು ‘ಹಡಗಿನ ಬೆವರು’ ಎನ್ನುತ್ತಿದ್ದ ತೇವ. ಹಡಗು ಬಿಸಿ ಪ್ರದೇಶದಿಂದ ತಂಪು ಪ್ರದೇಶಕ್ಕೆ ಬಂದಾಗ ಒಳಗಿನ ಬೆಚ್ಚಗಿನ ಗಾಳಿಯ ತೇವ ತಣ್ಣನೆಯ ಉಕ್ಕಿನ ಗೋಡೆಯ ಮೇಲೆ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಇಂಗ್ಲೆಂಡಿನಿಂದ ನಿಮ್ಮ ಪಶ್ಚಿಮ ತೀರಕ್ಕೆ ಪನಾಮಾ ಕಾಲುವೆಯ ಮೂಲಕ ಬರುವ ಹಡಗು ಉಷ್ಣವಲಯವನ್ನು ಹೊಕ್ಕು ಹೊರಬರಲೇಬೇಕು. ಮೇಣ ಬಳಿಯುತ್ತಿದ್ದುದು ಇದಕ್ಕೂ ಹೌದು.

ನಿಮ್ಮ ಮಡ್‌ಗಾರ್ಡಿನ ತಗ್ಗುಗಳ ಬಗ್ಗೆ ಓದಿದಾಗ ನನಗೊಂದು ದಿನ ನೆನಪಾಯಿತು. ಹಿಂದಿನ ಬಲೆ ಟೈರಿನ ಅಡಿಗೆ ಪೂರ್ತಿ ಸೇರದೆ, ಎತ್ತುವಾಗ ಅದರ ಹಗ್ಗ ಒಳಕ್ಕೆ ಸರಿದು ಎರಡೂ ಮಡ್‌ಗಾರ್ಡ್‌ಗಳ ಅಂಚನ್ನು ಒಂದೇ ಸಮನೆ ಒತ್ತಿತ್ತು. ನಾನು ಅದನ್ನು ಟ್ಯಾಲಿ ಹಾಳೆಯಲ್ಲಿ ಬರೆದೆ. ಹಾಗೆಯೇ ಬಂದಿತ್ತೆಂದು ತಿದ್ದಿ ಬರೆಯುವಂತೆ ಮೇಲಿನವರೊಬ್ಬರು ಒತ್ತಾಯಿಸಿದರು, ನಾನು ಬರೆಯಲಿಲ್ಲ. ನಿಮ್ಮ ಕಾರಿಗೂ ಅದೇ ಆಯಿತೆಂದು ದೂರದಿಂದ ಹೇಳಲಾರೆ. ಆದರೆ ಎರಡೂ ಬದಿಗೆ ಒಂದೇ ಎತ್ತರದಲ್ಲಿ ಪೆಟ್ಟು ಬಿದ್ದಿದ್ದರೆ ರಸ್ತೆಯ ಅಪಘಾತಕ್ಕಿಂತ ಮೊದಲು ಬಲೆಯ ಹಗ್ಗವನ್ನೇ ನಾನು ಸಂಶಯಿಸುತ್ತೇನೆ.

ಮರುಪ್ರಶ್ನೆ – ಸ್ಯಾಕ್ರಮೆಂಟೊ ಕನ್ನಡಿಗ

ಇಬ್ಬರು ಹಿರಿಯರಿಗೂ ಹೃತ್ಪೂರ್ವಕ ಧನ್ಯವಾದ. ಫಲಕವನ್ನು ಒರೆಸಿ ನೋಡಿದೆ. ಎಚ್, ಡಿ, ಕೆ ಅಕ್ಷರಗಳಾದ ಮೇಲೆ 43 ಎಂದಿದೆ. ಹಾಗಾದರೆ ಇದು ಇಡಿಯಾಗಿ ಬಂದ ಉತ್ತರ ಅಮೆರಿಕದ ಕಾರು ಎಂದಾಯಿತು. ಇನ್ನೆರಡು ಸಂಶಯಗಳಿವೆ. ಹಡಗಿನ ಬಾಡಿಗೆಯನ್ನು ತೂಕದ ಮೇಲೆ ಲೆಕ್ಕ ಹಾಕುತ್ತಿದ್ದರೇ? ಕೆಲವರು ಇಂಗ್ಲೆಂಡಿಗೆ ತಾವೇ ಹೋಗಿ ಕಾರು ಕೊಂಡು ತರುತ್ತಿದ್ದರೆಂದು ಇಲ್ಲಿಯ ಹಳಬರು ಹೇಳುತ್ತಾರೆ, ಅದು ಹೇಗೆ?

ಉತ್ತರ 3 – ಹಳೆಯ ಗಾಡಿ, ಮೈಸೂರು

ಕಾರಿನಂತಹ ಹಗುರವಾದ, ಜಾಗ ತಿನ್ನುವ ಸರಕಿಗೆ ಬಾಡಿಗೆ ಹಾಕುತ್ತಿದ್ದದ್ದು ತೂಕಕ್ಕಲ್ಲ, ಜಾಗಕ್ಕೆ. 40 ಘನ ಅಡಿಯನ್ನು ಒಂದು ಟನ್ ಎಂದು ಎಣಿಸುವುದು ಹಡಗಿನವರ ಪದ್ಧತಿ. ನಿಮ್ಮ ಕಾರು 13 ಅಡಿ ಉದ್ದ, 4 ಅಡಿ 10 ಅಂಗುಲ ಅಗಲ, ಸುಮಾರು 4 ಅಡಿ 2 ಅಂಗುಲ ಎತ್ತರ. ಗುಣಿಸಿದರೆ 262 ಘನ ಅಡಿಯಷ್ಟಾಗುತ್ತದೆ, ಅಂದರೆ ಆರೂವರೆ ಟನ್. ತಕ್ಕಡಿಯಲ್ಲಿ ಇಟ್ಟರೆ ಅದು ಸುಮಾರು 900 ಕಿಲೋ ಮಾತ್ರ! ಭಾಗಗಳನ್ನು ಒಂದರೊಳಗೊಂದು ಹೊಂದಿಸಿ ಪೆಟ್ಟಿಗೆ ತುಂಬುವ ಪದ್ಧತಿಯಲ್ಲಿ ಸುಂಕದ ಜೊತೆಗೆ ಈ ಖಾಲಿ ಜಾಗದ ಬಾಡಿಗೆಯೂ ಉಳಿಯುತ್ತಿತ್ತು.

ತಾವೇ ಹೋಗಿ ಕೊಳ್ಳುತ್ತಿದ್ದವರ ಮಾತು ನಿಜ. ಬ್ರಿಟನ್ನಿನಲ್ಲಿ ಕಾರುಗಳ ಮೇಲಿದ್ದ ಖರೀದಿ ತೆರಿಗೆ ಬಹಳ ಭಾರವಾಗಿತ್ತು. 1951ರಲ್ಲಿ ಅದನ್ನು ಬೆಲೆಯ ಮೂರನೆಯ ಎರಡು ಭಾಗದಷ್ಟಕ್ಕೆ ಏರಿಸಿದ್ದರು. ಕಾರನ್ನು ಗೊತ್ತಾದ ಅವಧಿಯೊಳಗೆ ದೇಶದಿಂದ ಹೊರಗೊಯ್ಯುವ ವಿದೇಶಿಯರಿಗೆ ಈ ತೆರಿಗೆ ಇರಲಿಲ್ಲ. ಪ್ರವಾಸಿಗರೂ ಅಲ್ಲಿ ನೆಲೆಸಿದ್ದ ಅಮೆರಿಕದ ಸೈನಿಕರೂ ಹೀಗೆ ಕೊಂಡು, ಯುರೋಪಿನಲ್ಲಿ ಸುತ್ತಾಡಿ, ಮರಳುವಾಗ ಹಡಗಿಗೆ ಹಾಕಿಸುತ್ತಿದ್ದರು. ಅಂತಹ ಕಾರು ಅಮೆರಿಕ ತಲುಪುವಾಗ ಹೊಸದಲ್ಲ, ಆಗಲೇ ಸಾವಿರಾರು ಮೈಲಿ ಓಡಿದ್ದು.

ನಿಮ್ಮದು ಯಾವ ದಾರಿಯಲ್ಲಿ ಬಂದಿತೆಂದು ತಿಳಿಯಲು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಮ್‌ಗೆ ಬರೆಯಿರಿ. ಎಂಜಿಎ ಕಾರುಗಳ ಕಾರ್ಖಾನೆಯ ದಾಖಲೆಪುಸ್ತಕಗಳು ಅಲ್ಲಿವೆ. ಶುಲ್ಕ ಕಟ್ಟಿದರೆ ಕಾರು ತಯಾರಾದ ದಿನ, ಮೂಲ ಬಣ್ಣ, ಎಂಜಿನ್ ಸಂಖ್ಯೆ, ಕಳುಹಿಸಿದ ಸ್ಥಳ ಇವುಗಳನ್ನು ನಮೂದಿಸಿದ ಪ್ರಮಾಣಪತ್ರ ಕೊಡುತ್ತಾರೆ. ಬರೆಯುವಾಗ ಫಲಕದ ಫೋಟೋ ಜೊತೆಗಿರಲಿ.

ಉತ್ತರ 4 – ಬಂದರಿನವರು, ಉಡುಪಿ

ಮಡ್‌ಗಾರ್ಡಿನ ಪುಟ್ಟಿಯನ್ನು ಕೆರೆಯುವ ಮುನ್ನ ಒಂದು ಕೆಲಸ ಮಾಡಿ. ಪುಟ್ಟಿಯ ಅಡಿಯಲ್ಲಿ ಕಾರ್ಖಾನೆಯ ಮೊದಲ ಬಣ್ಣ ಮಾತ್ರವೇ ಇದೆಯೇ, ಅದರ ಮೇಲೆ ಇನ್ನೊಂದು ಬಣ್ಣದ ಪದರವೂ ಇದೆಯೇ ಎಂದು ಅಂಚಿನಲ್ಲಿ ಬೆರಳಗಲ ಉಜ್ಜಿ ನೋಡಿ. ಮೊದಲ ಬಣ್ಣವೊಂದೇ ಇದ್ದರೆ ಆ ಪೆಟ್ಟು ಕಾರಿನ ಮೊದಲ ದಿನಗಳದ್ದು. ಬಂದರಿನಿಂದ ಬಂದ ಕಾರನ್ನು ಮಾರುವ ಮುಂಚೆ ಡೀಲರೇ ಸರಿಪಡಿಸಿರಬಹುದು. ನೋಡಿದ ಮೇಲೆ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.

ಸ್ಯಾಕ್ರಮೆಂಟೊ ಕನ್ನಡಿಗ

ಇವತ್ತು ಬೆಳಿಗ್ಗೆ ಎಡಗಡೆಯ ಅಂಚನ್ನು ಉಜ್ಜಿ ನೋಡಿದೆ, ಸರ್. ಪುಟ್ಟಿಯ ಅಡಿಯಲ್ಲಿ ಬಾಗಿಲಿನ ಒಳಬದಿಯಲ್ಲಿರುವ ಅದೇ ಕೆಂಪು ಬಣ್ಣ, ಅದೊಂದೇ ಪದರ. ಬಲಗಡೆಯೂ ಹಾಗೆಯೇ ಇದೆ. ಆ ಎರಡು ತಗ್ಗುಗಳನ್ನು ಹಾಗೆಯೇ ಉಳಿಸಿಕೊಳ್ಳಲು ತೀರ್ಮಾನಿಸಿದ್ದೇನೆ. ಗೇಡನ್‌ಗೆ ಅರ್ಜಿಯನ್ನೂ ಕಳುಹಿಸಿದೆ.