ಒಂದೇ ಮಣೆಗೆ ನೂರು ಚೀಟಿ

ಮಂಜ ಚೌಕಾಬಾರ ಗೇಮ್ ಬರೆದಿದ್ದ. ಕವಡೆ ಬೀಳುತ್ತಿತ್ತು, ಕಾಯಿ ಓಡುತ್ತಿತ್ತು. ‘ಹಿಂದಕ್ಕೆ’ ಬಟನ್ ಒತ್ತಿದರೆ ಮಾತ್ರ ಕಾಯಿ ಇದ್ದಲ್ಲೇ ಕೂತಿರುತ್ತಿತ್ತು.

“ಪ್ರತಿ ನಡೆಗೂ ಮುಂಚೆ ಹಳೇ ಮಣೆ ಎತ್ತಿಟ್ಟಿದ್ದೀನಿ ಗುರು. ಅದೂ ಬದಲಾಗಬಾರದು ಅಂತ ‘ಕಾನ್‌ಸ್ಟ್’ ಹಾಕಿ!”

ಶಶಿ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡಳು. “ನೀನು ಎತ್ತಿಟ್ಟಿದ್ದು ಮಣೆ ಅಲ್ಲ ಕಣೋ, ಮಣೆ ಎಲ್ಲಿದೆ ಅನ್ನೋ ಚೀಟಿ. ಜಾವಾಸ್ಕ್ರಿಪ್ಟ್‌ನಲ್ಲಿ ಅರೇಗೆ, ಅಂದ್ರೆ ಸಾಲಾಗಿಟ್ಟ ಪಟ್ಟಿಗೆ, ಇನ್ನೊಂದು ಹೆಸರಿಟ್ಟರೆ ಅರೇ ಎರಡಾಗಲ್ಲ. ಕಾನ್‌ಸ್ಟ್ ಹೆಸರನ್ನ ಕಾಯುತ್ತೆ, ಒಳಗಿನ ಕಾಯಿಗಳನ್ನಲ್ಲ.”

“ಹಾಗಾದ್ರೆ ನೂರು ನಡೆ ಉಳಿಸಿದ್ದು?”

“ಒಂದೇ ಮಣೆಗೆ ನೂರು ಚೀಟಿ.”

ನನಗೆ ನಮ್ಮಜ್ಜಿ ನೆನಪಾದಳು. ನಾವು ನೀರು ಕುಡಿದು ಬರುವಷ್ಟರಲ್ಲಿ ಅವಳ ಕಾಯಿ ಇಂಟು ಹಾಕಿದ ಮನೆ ಸೇರಿರುತ್ತಿತ್ತು. ಕೇಳಿದರೆ, “ಆಗಿನಿಂದ ಅಲ್ಲೇ ಇತ್ತಲ್ಲೋ!” ಮಣೆ ಎಲ್ಲರ ಕೈಗೂ ಸಿಗುತ್ತಿತ್ತು. ಸಾಬೀತು ಮಾಡುವವರು ಯಾರು?

“ಅದಕ್ಕೇ ಮಣೆ ಮುಟ್ಟಲೇಬಾರದು,” ಎಂದಳು ಶಶಿ. “ಫಂಕ್ಷನ್‌ಗೆ ಹಳೇ ಮಣೆ, ಬಿದ್ದ ಗರ, ಯಾವ ಕಾಯಿ ಅಂತ ಕೊಡು. ಅದು ಹೊಸ ಮಣೆ ಕೊಡಲಿ. ಹಳೇದು ಹಾಗೇ ಇರುತ್ತೆ.”

“ಪ್ರತಿ ಸಲ ಹೊಸ ಮಣೆನಾ? ಮೆಮೊರಿ ನಿಮ್ಮಪ್ಪ ಕೊಡಿಸ್ತಾರಾ?”

“ನಾಲ್ಕು ಜನ, ತಲಾ 4 ಕಾಯಿ. 16 ಅಂಕಿ, ಸರದಿ ಯಾರದು, ಯಾರು ಕಾಯಿ ಹೊಡೆದಿದ್ದಾರೆ. ಅಷ್ಟೇ ತಾನೇ? ನಿಮ್ಮ ಫ್ಯಾಮಿಲಿ ಗ್ರೂಪಿನ ಒಂದು ಶುಭೋದಯ ಫೋಟೋ ಜಾಗದಲ್ಲಿ ಇಡೀ ಆಟ ಕೂರುತ್ತೆ.”

ಮಂಜ ಸೋಲುವವನಲ್ಲ. “ಕವಡೆಗೇನು ಮಾಡ್ತೀಯ? ಒಂದೇ ಮಣೆ ಕೊಟ್ಟರೂ ಒಮ್ಮೆ ಚೌಕ, ಒಮ್ಮೆ ಬಾರ.”

“ಕವಡೆ ಫಂಕ್ಷನ್ ಹೊರಗೆ ಹಾಕು. ಗರ ಮಾತ್ರ ಒಳಗೆ ಕಳಿಸು. ಬಾರಕ್ಕೆ ಕಾಯಿ ಹೊಡೆಯೋದನ್ನ ಪರೀಕ್ಷೆ ಮಾಡ್ಬೇಕಾ? ಸುಮ್ನೆ 8 ಅಂತ ಕೊಡು.”

ಮಂಜ ಮಂಕಾದ. ನಿನ್ನೆ ಮಧ್ಯಾಹ್ನವೆಲ್ಲ ಅದೇ ಬಾರ ಬೀಳಲಿ ಅಂತ ಬಟನ್ ಒತ್ತುತ್ತಾ ಕೂತಿದ್ದನಂತೆ.

“ಸರಿ, ಎಲ್ಲಾ ಹೊಸದೇ. ‘ಈಗಿನ ಮಣೆ’ ಯಾವುದು ಅಂತ ಎಲ್ಲಾದರೂ ಬರೆದಿಡ್ಬೇಕಲ್ವಾ? ಅಲ್ಲಿ ಬದಲಾಗಲೇಬೇಕು.”

ಈ ಪ್ರಶ್ನೆಗೆ ಮಾತ್ರ ಅವನಿಗೆ ಪೂರ್ತಿ ಅಂಕ ಕೊಡಬೇಕು. ಶಶಿಯೂ ಒಪ್ಪಿದಳು. “ಹೌದು. ಹೊರಗಡೆ ಒಂದೇ ಒಂದು ವೇರಿಯಬಲ್, ಅದರ ಚೀಟಿ ಮಾತ್ರ ಬದಲಾಗುತ್ತೆ. ಹ್ಯಾಸ್ಕೆಲ್ ಭಾಷೆಯಲ್ಲಾದರೆ ಅದೂ ಬೇಡ, ಆಟದ ಫಂಕ್ಷನ್ನೇ ಹೊಸ ಮಣೆ ಹಿಡಿದು ತನ್ನನ್ನ ಮತ್ತೆ ಕರೆದುಕೊಳ್ಳುತ್ತೆ. ಗರ, ನಡೆಗಳ ಪಟ್ಟಿ ಇಟ್ಟಿದ್ದರೆ ಅವನ್ನ ಒಂದೊಂದಾಗಿ ಫಂಕ್ಷನ್‌ಗೆ ಕೊಡೋ ‘ರಿಡ್ಯೂಸ್’ ಹಾಕಿ ಇಡೀ ಆಟ ಮೊದಲಿಂದ ಆಡಿಸಬಹುದು.”

ಅಜ್ಜಿ ಇದನ್ನು ಒಪ್ಪುತ್ತಿರಲಿಲ್ಲ, ಬಿಡಿ.

ಮಂಜ ಅರೇ ಹೆಸರಿಗೆ ಮೊದಲು ಮೂರು ಚುಕ್ಕಿ ಹಾಕಿ ನಕಲು ಮಾಡಿದ, ‘ಹಿಂದಕ್ಕೆ’ ಒತ್ತಿದ. ಕಾಯಿ ಕದಲಲಿಲ್ಲ.

“ಮೂರು ಚುಕ್ಕಿ ಹೊರಗಿನ ಅರೇ ಮಾತ್ರ ನಕಲು ಮಾಡುತ್ತೆ,” ಎಂದಳು ಶಶಿ. “ಒಳಗೆ ಒಬ್ಬೊಬ್ಬರದೂ ಒಂದೊಂದು ಅರೇ ಇಟ್ಟಿದ್ದೀಯ. ಅವು ಹಳೇವೇ. ಯಾರ ಕಾಯಿ ನಡೀತೋ ಅವರ ಅರೇನೂ ಹೊಸದಾಗ್ಬೇಕು.”

“ಥೂ! ಬೈ-ಟೂ ಕಾಫಿಯಾದರೂ ಎರಡು ಲೋಟದಲ್ಲಿ ಬರುತ್ತಲ್ಲೇ,” ಎಂದ ಮಂಜ, ನನ್ನ ಲೋಟ ಎತ್ತಿ ಕುಡಿಯುತ್ತಾ.